ಮೆಚ್ಚುನುಡಿಯ ಕೊಳುಕೊಡೆ

ಖರ್ಚಿಲ್ಲದೆ ಮನುಷ್ಯನು ಮನುಷ್ಯನಿಗೆ ಕೊಡಬಹುದಾದ ವಸ್ತುಗಳಲ್ಲಿ ಒಳ್ಳೆಯ ಮಾತು ಮೊದಲನೆಯದು. ಆದರೂ ಅದನ್ನು ಕೊಡುವಲ್ಲಿ ಜನರು ತೋರುವ ಜಿಪುಣತನ ಹಣದ ವಿಷಯದಲ್ಲಿಯೂ ಕಾಣಬರುವುದಿಲ್ಲ. ಇನ್ನು, ಅಪರೂಪಕ್ಕೆ ಬಂದ ಒಳ್ಳೆಯ ಮಾತನ್ನು ಸ್ವೀಕರಿಸುವ ಕ್ರಮವಂತೂ ಬಹುಮಂದಿಗೆ ತಿಳಿಯದು. ಕೆಲವರು ಅದನ್ನು ತಳ್ಳಿಹಾಕುತ್ತಾರೆ. ಕೆಲವರು ಅದರಲ್ಲಿಯೇ ಮುಳುಗಿಹೋಗುತ್ತಾರೆ. ಕೊಡುವುದರಲ್ಲಿ ಲೋಭ, ಕೊಳ್ಳುವುದರಲ್ಲಿ ಸಂಕೋಚ ಅಥವಾ ಮದ, ಈ ಎರಡು ದೋಷಗಳ ನಡುವೆ ಮೆಚ್ಚುನುಡಿಯ ಹದವನ್ನು ಕಂಡುಕೊಳ್ಳುವುದು ಹೇಗೆಂಬ ವಿಷಯವಾಗಿ ಶರಣರು ಆಳವಾಗಿ ಆಲೋಚಿಸಿದ್ದಾರೆ. ಅವರ ಆಲೋಚನೆ ಇಂದಿನ ಮನೆ, ಶಾಲೆ, ಸಭೆಗಳಿಗೂ ಉಪಯುಕ್ತವಾದುದಾಗಿದೆ.

ಮೊದಲು ಮಾತುಗಳ ಅರ್ಥವನ್ನು ವಿಂಗಡಿಸಿಕೊಳ್ಳಬೇಕು. ಮೆಚ್ಚು ಬೇರೆ, ಹೊಗಳು ಬೇರೆ. ಮೆಚ್ಚುವುದು ಮನಸ್ಸಿನ ಕ್ರಿಯೆ. ಇನ್ನೊಬ್ಬರ ಗುಣವನ್ನು ಒಳಗೆ ಒಪ್ಪಿಕೊಳ್ಳುವುದೇ ಮೆಚ್ಚು. ಹೊಗಳುವುದು ನಾಲಗೆಯ ಕ್ರಿಯೆ. ಒಳಗೆ ಮೆಚ್ಚಿದ್ದು ಹೊರಗೆ ಹೊಗಳಿಕೆಯಾಗಿ ಬಂದಾಗ ಅದು ಸಹಜವಾದ ಮೆಚ್ಚುನುಡಿ. ಮೆಚ್ಚಿದ್ದರೂ ಹೊಗಳದೆ ಸುಮ್ಮನಿದ್ದರೆ ಅದು ಸಾಲವನ್ನು ತೀರಿಸದೆ ಇಟ್ಟುಕೊಂಡಂತೆ. ಮೆಚ್ಚದೆಯೇ ಹೊಗಳಿದರೆ ಅದು ಇಚ್ಚಕ. ಎದುರಿಗಿರುವವರ ಅಧಿಕಾರವನ್ನೋ ಸಂಪತ್ತನ್ನೋ ನೋಡಿ ಆಡಿದರೆ ಮುಖಸ್ತುತಿ. ಈ ಭೇದವನ್ನು ಅರಿಯದೆ ಎಲ್ಲ ಹೊಗಳಿಕೆಯೂ ಕೆಟ್ಟದ್ದೆಂದು ಬಿಡುವವರೂ ಉಂಟು. ಎಲ್ಲ ಹೊಗಳಿಕೆಯೂ ಸೌಜನ್ಯವೆಂದು ಸುರಿಯುವವರೂ ಉಂಟು.

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಇಲ್ಲಿಯ ಹಳ್ಳಿಗಳಲ್ಲಿ ಊಟ ಎಷ್ಟು ರುಚಿಯಾಗಿದ್ದರೂ, ಬೆಳೆ ಎಷ್ಟು ಹುಲುಸಾಗಿದ್ದರೂ ಬರುವ ಮಾತು ಒಂದೇ: ‘ಪರವಾಗಿಲ್ಲ’. ತಾಯಿ ತನ್ನ ಮಗುವಿನ ಚೆಲುವನ್ನು ಬಾಯಿಬಿಟ್ಟು ಹೇಳಳು. ಹೇಳಿದವರೆದುರು ಅದರ ಕೆನ್ನೆಗೊಂದು ಕರಿಯ ಬೊಟ್ಟಿಡುತ್ತಾಳೆ. ಹೊಲದಲ್ಲಿ ಬೆದರುಗೊಂಬೆ ನಿಲ್ಲುವುದು ಹಕ್ಕಿಗಳಿಗಾಗಿ ಮಾತ್ರವಲ್ಲ, ನೋಡಿ ಹೊಗಳುವವರ ಕಣ್ಣಿಗಾಗಿಯೂ ಹೌದು. ಹಾಲು ಹೆಚ್ಚು ಕರೆಯುವ ಹಸುವನ್ನು ಕುರಿತು ಯಾರಾದರೂ ಆಶ್ಚರ್ಯಪಟ್ಟರೆ ಮನೆಯಾಕೆಗೆ ಕಳವಳ. ಹೊಗಳಿದರೆ ದೃಷ್ಟಿ ತಾಗುತ್ತದೆಂಬ ಈ ಭಯದ ಬೇರಿನಲ್ಲಿ ಒಂದು ಅನುಭವವಿದೆ. ಬಡತನದ ಬಾಳಿನಲ್ಲಿ ಇದ್ದ ಒಳ್ಳೆಯದು ಎಂದು ಕೈಜಾರೀತೋ ತಿಳಿಯದು. ಆದುದರಿಂದ ಅದನ್ನು ಎತ್ತಿ ತೋರಿಸದಿರುವುದೇ ಕ್ಷೇಮವೆಂದು ಜನ ಭಾವಿಸಿದರು. ಭಯವು ರೂಢಿಯಾಯಿತು, ರೂಢಿಯು ಕ್ರಮೇಣ ಸ್ವಭಾವವಾಯಿತು. ಅದರ ಫಲವಾಗಿ, ವರ್ಷವಿಡೀ ಒಲೆಯ ಮುಂದೆ ಬೆಂದವಳು ಒಂದು ದಿನವೂ ಒಂದು ಒಳ್ಳೆಯ ಮಾತು ಕೇಳದೆ ಮುದುಕಿಯಾಗುತ್ತಾಳೆ. ಮಳೆಗಾಲದಲ್ಲಿ ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಸಾಗುವ ಹೆದ್ದಾರಿಯ ಪಕ್ಕದಲ್ಲಿ ಚೆಂಡುಹೂವಿನ, ಸೂರ್ಯಕಾಂತಿಯ ಹೊಲಗಳು ಅರಳಿ ನಿಂತಾಗ ಊಟಿಗೆ ಹೋಗುವ ಪ್ರವಾಸಿಗಳು ವಾಹನ ನಿಲ್ಲಿಸಿ ಹೂವನ್ನು ಹೊಗಳುತ್ತಾರೆ, ಚಿತ್ರ ತೆಗೆದುಕೊಳ್ಳುತ್ತಾರೆ. ಬೆಳೆದವನ ಮುಖವನ್ನು ನೋಡಿ ಒಂದು ಮಾತಾಡುವವರು ಅಪರೂಪ.

ಬದುಕಿರುವವರ ವಿಷಯದಲ್ಲಿ ಇಷ್ಟು ಬಿಗಿಯಾದ ನಾಲಗೆ ಸತ್ತವರ ವಿಷಯದಲ್ಲಿ ಸಡಿಲವಾಗುತ್ತದೆ. ಚಾಮರಾಜನಗರದ ಹೆಸರೇ ಒಂದು ಮರಣೋತ್ತರ ಗೌರವ. ಹಿಂದೆ ಅರಿಕುಠಾರವೆಂದು ಕರೆಯಲ್ಪಡುತ್ತಿದ್ದ ಈ ಊರು ತನ್ನ ತಂದೆ ಚಾಮರಾಜ ಒಡೆಯರ ಜನ್ಮಸ್ಥಳವೆಂದು ಮುಮ್ಮಡಿ ಕೃಷ್ಣರಾಜ ಒಡೆಯರು ಅದಕ್ಕೆ ತಂದೆಯ ಹೆಸರನ್ನಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಮಗನ ಭಕ್ತಿ ಶ್ಲಾಘ್ಯವಾದುದೇ. ಆದರೆ ದೊರೆಯ ಶಕ್ತಿಯಿಲ್ಲದ ಸಾಮಾನ್ಯರು ತಮ್ಮ ತಂದೆತಾಯಿಗಳಿಗೆ ಸಲ್ಲಿಸಬೇಕಾದ ಮೆಚ್ಚುಗೆಯನ್ನು ಸಮಾಧಿಯ ಕಲ್ಲಿಗಾಗಿ ಕಾದಿರಿಸುವುದು ಯುಕ್ತವಲ್ಲ. ಕೇಳುವ ಕಿವಿಯಿರುವಾಗ ಆಡಿದ ಮಾತೇ ಮಾತು.

ಹಾಗಾದರೆ ಶರಣರು ಹೊಗಳಿಕೆಯನ್ನು ನಿಷೇಧಿಸಿದರೆಂಬ ಭಾವನೆಗೆ ಆಧಾರವೇನು? ಬಸವಣ್ಣನವರ ಒಂದು ಪ್ರಸಿದ್ಧ ವಚನದ ಭಾವವೇ ಆಧಾರ. ತಮ್ಮವರೇ ಪ್ರೀತಿಯಿಂದ ತಮ್ಮನ್ನು ಹೊಗಳಿ ಹೊಗಳಿ ಚಿನ್ನದ ಶೂಲಕ್ಕೇರಿಸುತ್ತಿದ್ದಾರೆಂದು ಅವರು ಅಲ್ಲಿ ಮೊರೆಯಿಡುತ್ತಾರೆ. ಉಪಮೆಯನ್ನು ಪರಿಶೀಲಿಸಿ ನೋಡಬೇಕು. ಶೂಲ ಚಿನ್ನದ್ದಾದ ಮಾತ್ರಕ್ಕೆ ಇರಿಯುವುದನ್ನು ಬಿಡುವುದಿಲ್ಲ. ಚಿನ್ನವೆಂಬ ಕಾರಣದಿಂದ ಏರುವವನು ಪ್ರತಿಭಟಿಸದೆ ಏರುತ್ತಾನೆ ಎಂಬುದೊಂದೇ ವ್ಯತ್ಯಾಸ. ಬಿಜ್ಜಳನ ಭಂಡಾರಿಯಾಗಿ, ದಾಸೋಹದ ಒಡೆಯನಾಗಿ ಸಾವಿರಾರು ಜನರ ಜಯಕಾರದ ನಡುವೆ ಇದ್ದವರಿಗೆ ಮಾತ್ರ ಈ ನೋವು ತಿಳಿದೀತು. ಇಲ್ಲಿ ಬಸವಣ್ಣನವರು ಹೊಗಳಿದವರನ್ನು ಬಯ್ಯಲಿಲ್ಲ, ಅವರ ಒಲವನ್ನು ಸಂಶಯಿಸಲಿಲ್ಲ. ಆ ಒಲವು ತಮ್ಮಲ್ಲಿ ಅಹಂಕಾರವಾಗಿ ಪರಿಣಮಿಸುವ ಅಪಾಯವನ್ನು ಮಾತ್ರ ದೇವರೆದುರು ತೋಡಿಕೊಂಡರು. ದೋಷವಿರುವುದು ಕೊಟ್ಟ ಕೈಯಲ್ಲಿ ಅಲ್ಲ, ಕೊಂಡವನ ಹೊಟ್ಟೆಯಲ್ಲಿ ಎಂಬುದು ಇದರ ಸ್ವಾರಸ್ಯ.

ಈ ಸೀಮೆಯ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯವೂ ಇದೇ ಸತ್ಯವನ್ನು ಜನಪದದ ರೀತಿಯಲ್ಲಿ ಸಾರುತ್ತದೆ. ಕಲ್ಯಾಣದಲ್ಲಿ ಬಸವಣ್ಣನ ದಾಸೋಹವನ್ನುಂಡು ಅವನನ್ನು ಕೊಂಡಾಡುತ್ತಿದ್ದ ಲಕ್ಷಾಂತರ ಜಂಗಮರಿದ್ದರು. ಮಂಟೇಸ್ವಾಮಿ ಹೊಲಸು ವೇಷದಲ್ಲಿ ಬಂದು ಪರೀಕ್ಷಿಸಿದಾಗ ಆ ಕೊಂಡಾಟದ ಗುಂಪು ಚದುರಿತು. ಉಳಿದವರು ಬಸವಣ್ಣ, ನೀಲಮ್ಮ. ಊಟದ ಪಂಕ್ತಿಯಲ್ಲಿ ಬರುವ ಹೊಗಳಿಕೆ ಊಟ ಮುಗಿಯುವವರೆಗೆ ಮಾತ್ರ ಎಂಬ ಎಚ್ಚರ ಈ ಕಥೆಯಲ್ಲಿದೆ.

ಆದರೆ ಇದಿಷ್ಟರಿಂದಲೇ ಹೊಗಳಿಕೆ ವರ್ಜ್ಯವೆಂದು ತೀರ್ಮಾನಿಸಿದರೆ ವಚನವಾಙ್ಮಯದ ಅರ್ಧಭಾಗವನ್ನು ಮರೆತಂತಾಗುತ್ತದೆ. ಶರಣರಷ್ಟು ಪರಸ್ಪರ ಮೆಚ್ಚಿ ನುಡಿದವರು ವಿರಳ. ಒಬ್ಬರ ವಚನದಲ್ಲಿ ಮತ್ತೊಬ್ಬರ ಹೆಸರು, ಅವರಿಂದ ತನಗೇನು ಬಂತೆಂಬ ಕೃತಜ್ಞತೆ ಮತ್ತೆ ಮತ್ತೆ ಬರುತ್ತದೆ. ಈ ವಿರೋಧಾಭಾಸವನ್ನು ಬಿಡಿಸಲು ಹರಿಹರ, ರಾಘವಾಂಕರ ಐತಿಹ್ಯ ನೆರವಾಗುತ್ತದೆ. ಸೋದರಳಿಯನೂ ಶಿಷ್ಯನೂ ಆದ ರಾಘವಾಂಕ ಹರಿಶ್ಚಂದ್ರ ಕಾವ್ಯವನ್ನು ಬರೆದು, ಮರ್ತ್ಯನಾದ ಅರಸನನ್ನು ಹೊಗಳಿದನೆಂದು ಹರಿಹರ ಕೋಪಗೊಂಡು ಹೊಡೆಯಲು ಹಲ್ಲುಗಳು ಉದುರಿದವೆಂದೂ, ಮುಂದೆ ಶಿವಭಕ್ತರನ್ನು ಕುರಿತು ಕೃತಿಗಳನ್ನು ರಚಿಸಿದಾಗ ಅವು ಮರಳಿದವೆಂದೂ ಕಥೆ. ಐತಿಹ್ಯದ ನಿಜಾನಿಜ ಹೇಗೇ ಇರಲಿ, ಅದರ ಆಶಯ ಗಮನಾರ್ಹ. ನರಸ್ತುತಿಯನ್ನು ಅಷ್ಟು ಉಗ್ರವಾಗಿ ನಿರಾಕರಿಸಿದ ಅದೇ ಹರಿಹರ ತನ್ನ ರಗಳೆಗಳಲ್ಲಿ ಶಿವಶರಣರನ್ನು ಬಾಯಿತುಂಬ ಹೊಗಳಿದ್ದಾನೆ. ಅಂದರೆ ನಿಷಿದ್ಧವಾದುದು ಹೊಗಳಿಕೆಯಲ್ಲ. ಪ್ರತಿಫಲದ ಆಸೆಯಿಂದ ಬಲಶಾಲಿಯ ಕಡೆಗೆ ಹರಿಯುವ ಹೊಗಳಿಕೆ. ಮಡಿವಾಳ, ಅಂಬಿಗ, ಮಾದಾರ ಎಂದು ಕಾಯಕದಿಂದ ಗುರುತಾದವರನ್ನು ಹೊಗಳಿದರೆ ಹೊಗಳಿದವನಿಗೆ ದೊರೆಯುವ ಜಹಗೀರಾದರೂ ಏನು? ಆದುದರಿಂದಲೇ ಅದು ಶುದ್ಧ.

ಇಲ್ಲಿಂದ ಮೆಚ್ಚುನುಡಿಯನ್ನು ಕೊಡುವ ಕ್ರಮ ತಿಳಿಯುತ್ತದೆ. ಮೊದಲನೆಯ ಲಕ್ಷಣ ಸತ್ಯ. ನುಡಿ ಹೇಗಿರಬೇಕೆಂದು ವಿವರಿಸುವಾಗ ಬಸವಣ್ಣನವರು ಮುತ್ತು, ಮಾಣಿಕ್ಯ, ಸ್ಫಟಿಕಗಳ ಹೋಲಿಕೆಯನ್ನು ಕೊಟ್ಟು, ಕೊನೆಗೆ ಲಿಂಗವೇ ತಲೆದೂಗುವಂತಿರಬೇಕೆಂಬ ಅಳತೆಯನ್ನಿಟ್ಟರು. ಕೇಳಿದವನು ಹಿಗ್ಗುವುದು ಅಳತೆಯಲ್ಲ, ಅಂತಃಸಾಕ್ಷಿ ಒಪ್ಪುವುದು ಅಳತೆ. ಎರಡನೆಯದು, ನಿರ್ದಿಷ್ಟತೆ. ‘ನೀನು ಮಹಾಜಾಣ’ ಎಂದರೆ ಹುಡುಗನಿಗೆ ತಾನು ಏನು ಮಾಡಿದೆನೆಂದು ತಿಳಿಯದು. ಮರುದಿನ ತಪ್ಪಿದಾಗ ಜಾಣತನವೇ ಹೋಯಿತೆಂದು ಕುಗ್ಗುತ್ತಾನೆ. ‘ಈ ಪದ್ಯದ ಅನ್ವಯವನ್ನು ನೀನು ಸರಿಯಾಗಿ ಬಿಡಿಸಿದೆ’ ಎಂದರೆ ಅದು ಅವನ ಕೆಲಸಕ್ಕೆ ಸಂದ ಮಾತು. ಅವನು ಅದನ್ನು ಮತ್ತೆ ಮಾಡಬಲ್ಲನು. ಮೂರನೆಯದು, ಇನ್ನೊಬ್ಬರನ್ನು ಕೆಳಗಿಳಿಸದಿರುವುದು. ಅಣ್ಣನನ್ನು ಹೊಗಳಲು ತಮ್ಮನನ್ನು ಹಳಿಯುವುದು ಒಂದು ಕಣ್ಣಿಗೆ ಕಾಡಿಗೆ ಹಚ್ಚಿ ಇನ್ನೊಂದಕ್ಕೆ ಸುಣ್ಣ ಹಚ್ಚಿದಂತೆ. ನಾಲ್ಕನೆಯದು, ಹೊಗಳಿಕೆಯ ಬಾಲಕ್ಕೆ ಬೇಡಿಕೆಯನ್ನು ಕಟ್ಟದಿರುವುದು. ಹೊಗಳಿ ಮುಗಿಸುವ ಮೊದಲೇ ಕೈಚಾಚಿದರೆ ಅದು ವ್ಯಾಪಾರ.

ಸಕಾಲದಲ್ಲಿ ಸಂದ ಮೆಚ್ಚುನುಡಿ ಏನು ಮಾಡಬಲ್ಲುದೆಂಬುದಕ್ಕೆ ಇದೇ ಜಿಲ್ಲೆಯ ಯಳಂದೂರು ಸಾಕ್ಷಿ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರ ಅಂತಃಪುರದಲ್ಲಿ ಯಳಂದೂರಿನ ಹೊನ್ನಮ್ಮ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಸೇವಕಿ. ಅವಳ ಕವಿತ್ವವನ್ನು ಗುರುತಿಸಿ ದೊರೆಯೆದುರು ಎತ್ತಿ ಹೇಳಿದವಳು ರಾಣಿ ದೇವಾಜಮ್ಮಣ್ಣಿ. ಸಂಚಿ ಹಿಡಿದವಳ ಕೈ ಕಂಟವನ್ನೂ ಹಿಡಿಯಬಲ್ಲುದೆಂದು ರಾಣಿ ಕಂಡಳು. ಕಂಡದ್ದನ್ನು ಬಚ್ಚಿಡದೆ, ಕೇಳಬೇಕಾದವರ ಕಿವಿಗೆ ಹಾಕಿದಳು. ಅದರ ಫಲವೇ ‘ಹದಿಬದೆಯ ಧರ್ಮ’ವೆಂಬ ಸಾಂಗತ್ಯ ಕೃತಿ. ಹೊನ್ನಮ್ಮ ಆ ಗೌರವವನ್ನು ಸ್ವೀಕರಿಸಿದ ರೀತಿಯೂ ಅಷ್ಟೇ ಮನನೀಯ. ತನಗೆ ಬಾರದೆಂದು ಹಿಂಜರಿದು ಓಡಲಿಲ್ಲ. ತನ್ನದೇ ಪ್ರತಿಭೆಯೆಂದು ಬೀಗಲೂ ಇಲ್ಲ. ಗುರು ಅಳಸಿಂಗರಾರ್ಯರ ಅನುಗ್ರಹವನ್ನು ಸ್ಮರಿಸಿ ಕೃತಿಯನ್ನು ರಚಿಸಿದಳು. ಆ ಕೃತಿಯೊಳಗೆ ಹೆಣ್ಣನ್ನು ಹೀನವೆಂದು ಹಳಿಯುವವರನ್ನು ಪ್ರಶ್ನಿಸುವ ಧೈರ್ಯವನ್ನೂ ತೋರಿದಳು. ಒಂದು ಮೆಚ್ಚುನುಡಿ ಮುನ್ನೂರು ವರ್ಷಗಳಿಂದ ಕನ್ನಡಿಗರ ಕೈಯಲ್ಲಿ ಗ್ರಂಥವಾಗಿ ಉಳಿದಿದೆ.

ಗುಂಡ್ಲುಪೇಟೆಯ ಹೆಸರನ್ನು ತಮ್ಮ ಹೆಸರಿನ ಮೊದಲಲ್ಲಿ ಹೊತ್ತ ಗುಂಡ್ಲು ಪಂಡಿತ ರಾಜರತ್ನಂ ಅವರದು ಮೆಚ್ಚುಗೆಯ ಇನ್ನೊಂದು ಬಗೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅವರು ವಿದ್ಯಾರ್ಥಿಗಳಿಂದ ಬರೆಸಿದರು, ಬರೆದುದನ್ನು ಅಚ್ಚು ಹಾಕಿಸಿದರು, ಅಚ್ಚಾದ ಪುಸ್ತಕಗಳನ್ನು ತಾವೇ ಹೊತ್ತು ಮಾರಿದರು. ಬಾಯಿಮಾತಿನ ಶಹಭಾಸ್‌ಗಿಂತ ಹೆಗಲಿನ ಶಹಭಾಸ್ ದೊಡ್ಡದು.

ಹೊಗಳದಿರುವುದೂ ಒಮ್ಮೊಮ್ಮೆ ಉಪಕಾರವೆಂಬುದನ್ನು ಶೂನ್ಯಸಂಪಾದನೆಯ ಸಿದ್ಧರಾಮ ಪ್ರಸಂಗ ತಿಳಿಸುತ್ತದೆ. ಸೊನ್ನಲಿಗೆಯಲ್ಲಿ ಕೆರೆಯನ್ನು ತೋಡಿಸುತ್ತ, ದೇಗುಲವನ್ನು ಕಟ್ಟಿಸುತ್ತ ಲೋಕದ ಮನ್ನಣೆಗೆ ಪಾತ್ರನಾಗಿದ್ದ ಸಿದ್ಧರಾಮನನ್ನು ಅಲ್ಲಮಪ್ರಭು ಬಂದು ಒಡ್ಡನೆಂದು ಕರೆದನು. ಕೆಲಸಗಾರರು ಕಲ್ಲೆಸೆದರು, ಸಿದ್ಧರಾಮನೂ ಕ್ರುದ್ಧನಾದನು. ಆ ಕ್ರೋಧವೇ ಅವನಿಗೆ ಕನ್ನಡಿಯಾಯಿತು. ಫಲಾಪೇಕ್ಷೆಯಿಲ್ಲದ ಸೇವೆಯೆಂದು ತಿಳಿದಿದ್ದ ಕಾರ್ಯದ ತಳದಲ್ಲಿ ಮನ್ನಣೆಯ ಹಸಿವು ಅಡಗಿತ್ತೆಂಬುದು ಅವನಿಗೇ ಗೋಚರಿಸಿತು. ಆದರೆ ಈ ಪ್ರಸಂಗವನ್ನು ನೆಪಮಾಡಿಕೊಂಡು ಎಲ್ಲರನ್ನೂ ಹೀಯಾಳಿಸುವವರು ಒಂದನ್ನು ನೆನೆಯಬೇಕು. ಅಲ್ಲಮನು ಚುಚ್ಚಿದ್ದು ಮನ್ನಣೆ ತುಂಬಿ ತುಳುಕುತ್ತಿದ್ದವನನ್ನು, ಮನ್ನಣೆಯನ್ನೇ ಕಾಣದವನನ್ನಲ್ಲ. ಚುಚ್ಚಿದ ಮೇಲೆ ಕೈಬಿಡದೆ ಕಲ್ಯಾಣಕ್ಕೆ ಕರೆದೊಯ್ದನು.

ಇನ್ನು ಸ್ವೀಕರಿಸುವ ಬಗೆ. ಇದಕ್ಕೆ ಅಕ್ಕಮಹಾದೇವಿ ಎರಡು ದಾರಿಗಳನ್ನು ತೋರಿಸಿದ್ದಾಳೆ. ಲೋಕದಲ್ಲಿ ಹುಟ್ಟಿದ ಮೇಲೆ ಸ್ತುತಿಯೂ ನಿಂದೆಯೂ ಬರುವುದು ಅನಿವಾರ್ಯ. ಬೆಟ್ಟದ ಮೇಲೆ ಮನೆ ಕಟ್ಟಿಕೊಂಡವರು ಮೃಗಗಳಿಗೆ ಅಂಜಿ ಫಲವಿಲ್ಲ. ಮನದಲ್ಲಿ ಸಮಾಧಾನವಿರಬೇಕು ಎಂಬುದು ಅವಳ ವಚನವೊಂದರ ಭಾವ. ಇಲ್ಲಿ ಅವಳು ನಿಂದೆಯೊಂದನ್ನೇ ಹೇಳದೆ ಸ್ತುತಿಯನ್ನೂ ಜೊತೆಗೆ ಸೇರಿಸಿದ್ದನ್ನು ಗಮನಿಸಬೇಕು. ನಿಂದೆಯಲ್ಲಿ ಸಮಾಧಾನ ಕಷ್ಟವೆಂದು ಎಲ್ಲರೂ ಬಲ್ಲರು. ಸ್ತುತಿಯಲ್ಲಿ ಸಮಾಧಾನ ಅದಕ್ಕಿಂತ ಕಷ್ಟವೆಂದು ಅನುಭಾವಿಗಳು ಮಾತ್ರ ಬಲ್ಲರು. ಎರಡನೆಯ ದಾರಿ, ಬಂದ ಮನ್ನಣೆಯ ಮೂಲವನ್ನು ಹೆಸರಿಸುವುದು. ತನ್ನ ಭಕ್ತಿ ಬಸವಣ್ಣನಿಂದ, ಜ್ಞಾನ ಪ್ರಭುವಿನಿಂದ, ಪರಿಣಾಮ ಚೆನ್ನಬಸವಣ್ಣನಿಂದ ಬಂದುದೆಂದು ಅವಳು ಲೆಕ್ಕ ಒಪ್ಪಿಸುತ್ತಾಳೆ. ಇದು ತನ್ನಲ್ಲಿ ಏನೂ ಇಲ್ಲವೆಂಬ ಹುಸಿ ವಿನಯವಲ್ಲ. ಭಕ್ತಿ, ಜ್ಞಾನ, ಪರಿಣಾಮಗಳು ತನ್ನಲ್ಲಿ ಇವೆಯೆಂದು ಒಪ್ಪಿಕೊಂಡ ಮೇಲೆಯೇ ಅವು ಎಲ್ಲಿಂದ ಬಂದವೆಂದು ಹೇಳುತ್ತಾಳೆ. ‘ಎಲ್ಲ ಮಾದಪ್ಪನ ದಯೆ’ ಎಂದು ಈ ಸೀಮೆಯ ಜನ ಹೇಳುವ ಮಾತಿನಲ್ಲಿಯೂ ಇದೇ ಸಂಸ್ಕಾರವಿದೆ. ಅದು ಬಾಯಿಪಾಠವಾಗದೆ ಮನಸ್ಸಿನಿಂದ ಬಂದರೆ ಸಾಕು.

ಮನ್ನಣೆಯ ಕೊಳುಕೊಡೆಗೆ ಪರಮ ದೃಷ್ಟಾಂತ ಹರಳಯ್ಯನವರ ಕಥೆ. ಸಮಗಾರ ಹರಳಯ್ಯ ದಾರಿಯಲ್ಲಿ ಬಸವಣ್ಣನವರನ್ನು ಕಂಡು ‘ಶರಣು’ ಎಂದನು. ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಮರುನುಡಿದರು. ಒಂದಕ್ಕೆ ಎರಡು ಶರಣು ಬಂತು. ಹೆಚ್ಚಿನ ಒಂದು ಶರಣಿನ ಭಾರ ಹರಳಯ್ಯನಿಗೆ ಹೊರಲಾರದಾಯಿತು. ಅವನೂ ಮಡದಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಮಾಡಿ ತಂದೊಪ್ಪಿಸಿದರು. ಬಸವಣ್ಣನವರು ಅವನ್ನು ಕಾಲಿಗೆ ಮೆಟ್ಟದೆ ತಲೆಯ ಮೇಲೆ ಹೊತ್ತು, ಇವು ತಮ್ಮ ಪಾದಕ್ಕೆ ತಕ್ಕವಲ್ಲವೆಂದು ಹಿಂದಿರುಗಿಸಿದರು.

ಈ ಕಥೆಯನ್ನು ಕೇಳಿದವರು ಹರಳಯ್ಯನ ತ್ಯಾಗಕ್ಕೆ ಬೆರಗಾಗುತ್ತಾರೆ. ಅದರ ಕಾರಣವನ್ನು ವಿಚಾರಿಸುವವರು ಕಡಿಮೆ. ಒಂದು ನಮಸ್ಕಾರ ಒಬ್ಬ ಮನುಷ್ಯನಿಗೆ ಅಷ್ಟು ಭಾರವಾದದ್ದು ಏಕೆ? ಅದುವರೆಗೆ ಮೇಲಿನವರಾರೂ ಅವನಿಗೆ ನಮಸ್ಕರಿಸಿರಲಿಲ್ಲ ಎಂಬುದೇ ಉತ್ತರ. ಗೌರವವು ಕೆಳಗಿನಿಂದ ಮೇಲಕ್ಕೆ ಮಾತ್ರ ಹರಿಯುತ್ತಿದ್ದ ಸಮಾಜದಲ್ಲಿ ಮಂತ್ರಿಯೊಬ್ಬನು ಸಮಗಾರನಿಗೆ ಕೈಮುಗಿದದ್ದು ನೀರು ಬೆಟ್ಟವನ್ನೇರಿದಷ್ಟು ವಿಪರೀತವಾಗಿತ್ತು. ಗೌರವದ ಸಂಬೋಧನೆಯಲ್ಲಿಯೇ ಸ್ವರ್ಗವನ್ನೂ ತಿರಸ್ಕಾರದ ಸಂಬೋಧನೆಯಲ್ಲಿಯೇ ನರಕವನ್ನೂ ಬಸವಣ್ಣನವರು ಕಂಡದ್ದು ಇದಕ್ಕಾಗಿಯೇ. ಇಂದಿಗೂ ಹಳ್ಳಿಗಳಲ್ಲಿ ಹತ್ತು ವರ್ಷದ ಬಾಲಕನು ಎಪ್ಪತ್ತು ವರ್ಷದ ಕೂಲಿಯಾಳನ್ನು ‘ಬಾರೋ’ ಎಂದು ಕರೆಯುವುದುಂಟು. ಆ ವೃದ್ಧನು ಕತ್ತು ತಗ್ಗಿಸಿ ಬರುವುದೂ ಉಂಟು. ಬಹುವಚನದ ಒಂದು ಅಕ್ಷರ ಅವನ ಪಾಲಿಗೆ ಸನ್ಮಾನ ಪತ್ರಕ್ಕಿಂತ ದೊಡ್ಡದು. ಮೆಚ್ಚುನುಡಿಯನ್ನು ಕಲಿಯಬೇಕಾದವರು ಆ ಅಕ್ಷರದಿಂದ ಆರಂಭಿಸಬೇಕು. ಹಾಗೆಯೇ ಸ್ವೀಕರಿಸುವವರು ಬಸವಣ್ಣನವರ ನಡೆಯನ್ನು ಕಲಿಯಬೇಕು. ಬಂದ ಮನ್ನಣೆಯನ್ನು ಅವರು ಬಿಸಾಡಲಿಲ್ಲ. ಹಾಗೆ ಮಾಡಿದ್ದರೆ ಹರಳಯ್ಯನ ಒಲವಿಗೆ ಅವಮಾನ. ಮೆಟ್ಟಿಕೊಂಡು ನಡೆಯಲೂ ಇಲ್ಲ. ಹಾಗೆ ಮಾಡಿದ್ದರೆ ತಮ್ಮ ಅಹಂಕಾರಕ್ಕೆ ಆಹಾರ. ತಲೆಯ ಮೇಲಿಟ್ಟುಕೊಂಡರು, ದೇವರಿಗೆ ಸಲ್ಲಬೇಕಾದುದೆಂದರು.

ಈ ನಡೆಯ ಛಾಯೆಯನ್ನು ಇತ್ತೀಚಿನ ಕಾಲದಲ್ಲಿಯೂ ಕಾಣಬಹುದು. ಚಾಮರಾಜನಗರದ ಗಡಿಯಾಚೆಯ ತಾಳವಾಡಿ ಸೀಮೆಯ ಗಾಜನೂರಿನಲ್ಲಿ 1929ರಲ್ಲಿ ಹುಟ್ಟಿ, 2006ರಲ್ಲಿ ಅಗಲಿದ ನಟ ರಾಜಕುಮಾರ್ ಅವರಿಗೆ ಶಾಲೆಯ ಓದು ಅಲ್ಪ. ಜನರ ಹೊಗಳಿಕೆಯಾದರೋ ಅಪಾರ. 1992ರಲ್ಲಿ ಕರ್ನಾಟಕ ರತ್ನ, 1995ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದವು. ಅಭಿಮಾನಿಗಳು ಅವರನ್ನು ದೇವರೆಂದು ಕೂಗಿದಾಗ ಅವರು ಅಭಿಮಾನಿಗಳನ್ನೇ ದೇವರುಗಳೆಂದು ಕರೆದರು. ‘ಶರಣು’ ಎಂದವನಿಗೆ ‘ಶರಣು ಶರಣಾರ್ಥಿ’ ಎಂದ ಸಂಸ್ಕೃತಿಯೇ ಇದು. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರು 1983ರಲ್ಲಿ ಅಧಿಕಾರಕ್ಕೆ ಬಂದ ಸರ್ಕಾರದಲ್ಲಿ ಸಚಿವರಾಗಿ ಹಳ್ಳಿ ಹಳ್ಳಿಗೆ ಕೊಳವೆಬಾವಿಯ ನೀರು ದೊರೆಯುವಂತೆ ದುಡಿದಾಗ ಜನ ಅವರಿಗಿತ್ತ ಬಿರುದು ‘ನೀರ್ ಸಾಬ್’. ಎರಡೇ ಶಬ್ದ, ಆದರೆ ಮಾಡಿದ ಕೆಲಸ ಅದರಲ್ಲಿ ಪೂರ್ತಿಯಾಗಿದೆ. 1988ರಲ್ಲಿ ಅವರು ತೀರಿಕೊಂಡ ಮೇಲೂ ಆ ಹೆಸರು ಬಾಳಿದೆ. ಸಭೆಗಳಲ್ಲಿ ಓದುವ ಉದ್ದುದ್ದನೆಯ ಬಿನ್ನವತ್ತಳೆಗಳಿಗೆ ಆ ಭಾಗ್ಯವಿಲ್ಲ.

ಮೇಲಿನ ವಿವೇಚನೆಯಿಂದ ತಿಳಿದುಬರುವುದಿಷ್ಟು. ಮೆಚ್ಚಿದ್ದನ್ನು ಬಚ್ಚಿಡಬಾರದು, ಮೆಚ್ಚದ್ದನ್ನು ಹೊಗಳಬಾರದು. ಮಾತು ಕೆಲಸವನ್ನು ಹಿಡಿದು ಬರಬೇಕು, ಕೆಳಗಿರುವವರ ಕಡೆಗೆ ಮೊದಲು ಹರಿಯಬೇಕು. ಬಂದ ಮಾತನ್ನು ತಳ್ಳದೆ, ನುಂಗದೆ, ತಲೆಯ ಮೇಲಿಟ್ಟು ಅದರ ಒಡೆಯರಿಗೆ ಮುಟ್ಟಿಸಬೇಕು. ದಾಸೋಹದ ಪಂಕ್ತಿಯಿಂದೇಳುವಾಗ ಬಡಿಸಿದವರ ಕಡೆಗೆ ತಿರುಗಿ ‘ಪರವಾಗಿಲ್ಲ’ ಎಂಬುದರ ಬದಲು ‘ಸಾರು ಬಹಳ ಚೆನ್ನಾಗಿತ್ತಮ್ಮ’ ಎನ್ನಲು ಶಾಸ್ತ್ರಾಭ್ಯಾಸ ಬೇಕಿಲ್ಲ. ಆ ತಾಯಿ ‘ಅಯ್ಯೋ, ಏನಿತ್ತು ಅದರಲ್ಲಿ’ ಎನ್ನದೆ, ‘ನೀವುಂಡಿರಲ್ಲ, ಸಂತೋಷವಾಯಿತು’ ಎನ್ನುವಂತಾದರೆ ಕೊಟ್ಟವರಿಗೂ ಕೊಂಡವರಿಗೂ ಒಂದೇ ಪ್ರಸಾದ ಸಂದಂತಾಯಿತು.